ದೇವಾಲಯದ ನೇರ ಪ್ರಸಾರವೂ ಅದಕ್ಕೆ ಬೇಕಾದ ಕಂಪ್ಯೂಟರು ಜಾಲವೂ

ಕಳೆದ ವರುಷ ನಮ್ಮ ಶಾಲೆಯ ಕೃತಜ್ಞತಾರಾಧನೆಯು ಪಕ್ಕದ ದೇವಾಲಯದಲ್ಲಿ ನಡೆಯಿತು. ಅದನ್ನು ಯೂಟ್ಯೂಬಿನ ಮೂಲಕ ನೇರವಾಗಿ ತೋರಿಸುವೆವೆಂದು ನಾವು ಮುಂಚಿತವಾಗಿಯೇ ಎಲ್ಲರಿಗೂ ತಿಳಿಸಿದ್ದೆವು. ಮಸ್ಕತ್ತು, ದುಬಾಯಿ, ಮುಂಬಯಿ ಮೊದಲಾದ ಸ್ಥಳಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿನಿಯರು ಅನೇಕರು ಆ ಹೊತ್ತಿಗೆ ಸರಿಯಾಗಿ ಮನೆಮಂದಿಯನ್ನು ಕೂಡಿಸಿಕೊಂಡು ಕಾದಿದ್ದರು. ಮೊದಲನೆಯ ಕೀರ್ತನೆ ಚೆನ್ನಾಗಿ ಕೇಳಿಸಿತು. ಚಿಕ್ಕ ಮಕ್ಕಳ ಹಾಡು ಮುಗಿದ ಮೇಲೆ ಚಿತ್ರವು ತಡೆತಡೆದು ಬರತೊಡಗಿತು. ಆ ವರುಷ ಕರ್ತನಲ್ಲಿ ನಿದ್ರೆಹೋದ ನಮ್ಮ ಅಧ್ಯಾಪಕಿಯರ ಹೆಸರುಗಳನ್ನು ಓದುವದಕ್ಕೆ ಎದ್ದು ನಿಂತಾಗ ಅದು ಪೂರಾ ನಿಂತುಹೋಯಿತು. ಮರಳಿ ಬಂದದ್ದು ಆಶೀರ್ವಚನವಾದ ತರುವಾಯ, ಜನರು ಚಪ್ಪಲಿ ಹುಡುಕುತ್ತಿದ್ದಾಗ.

ಶಾಲೆಯ ಹಿಂದಿನ ಓಣಿಯಲ್ಲಿ ನಮಗೇ ಅಕ್ಷರ ಕಲಿಸಿದ ವೃದ್ಧ ಟೀಚರಮ್ಮನವರೊಬ್ಬರು ಇದ್ದಾರೆ. ಹಾಸಿಗೆ ಹಿಡಿದು ನಾಲ್ಕು ವರುಷಗಳಾದವು. ಆ ಬೆಳಿಗ್ಗೆ ಅವರು ಬಿಳೇ ಸೀರೆಯನ್ನು ಉಡಿಸಿಕೊಂಡು, ದಿಂಬುಗಳಿಗೆ ಒರಗಿ ಕೂತಿದ್ದರಂತೆ. ಸಾಯಂಕಾಲ ನಾವು ಹೋದಾಗ ಅವರು ನಮ್ಮನ್ನು ಗದರಲಿಲ್ಲ. "ಮಗಳೇ, ನನ್ನ ಜೊತೆಯವಳ ಹೆಸರು ಓದಿದಿರಾ?" ಎಂದು ಮಾತ್ರ ಕೇಳಿದರು. ಓದಿದೆವೆಂದು ಹೇಳಿದೆವು. ಮೂವತ್ತು ವರುಷ ಒಂದೇ ಕೋಣೆಯಲ್ಲಿ ಪಾಠ ಹೇಳಿದ ಗೆಳತಿಯ ಹೆಸರನ್ನು ಅವರು ತಮ್ಮ ಕಿವಿಯಿಂದ ಕೇಳಬೇಕಾಗಿತ್ತು.

ಆ ಮೇಲೆ ನಮಗೆ ಬಂದ ಪತ್ರಗಳಲ್ಲಿ ಬಹಳ ಮಂದಿ ಕ್ಯಾಮರಾವನ್ನು ದೂರಿದರು. ಹಳೆಯ ವಿದ್ಯಾರ್ಥಿನಿಯರ ಒಂದು ಗುಂಪಿನವರು ಹೊಸ ಕ್ಯಾಮರಾ ಕೊಳ್ಳುವದಕ್ಕೆ ಹಣವನ್ನೂ ಕಳುಹಿಸಿದರು. ಅವರ ಅಪ್ಪಣೆ ಪಡೆದು ನಾವು ಆ ಹಣದಲ್ಲಿ ಕ್ಯಾಮರಾ ಕೊಳ್ಳದೆ ತಂತಿಯನ್ನು ಕೊಂಡೆವು. ಹಾಗೇಕೆ ಮಾಡಿದೆವೆಂಬ ಲೆಕ್ಕವನ್ನು ಒಪ್ಪಿಸುವದು ನಮ್ಮ ಕರ್ತವ್ಯವಾದದರಿಂದ ಈ ಲೇಖನ. ಬೇರೆ ಸಭೆಗಳಲ್ಲಿ ಈ ಕೆಲಸವನ್ನು ಹೊತ್ತಿರುವ ನಮ್ಮ ಹುಡುಗಿಯರಿಗೂ ಇದು ಪ್ರಯೋಜನವಾದೀತು.

ದೇವಾರಾಧನೆಯನ್ನು ದೂರದವರಿಗೆ ಮುಟ್ಟಿಸುವದು ಹೊಸ ಯೋಚನೆಯೇನಲ್ಲ. ೧೯೨೧ನೇ ಇಸವಿ ಜನವರಿ ೨ನೇ ತಾರೀಖು ಆದಿತ್ಯವಾರ, ಅಮೇರಿಕದ ಪಿಟ್ಸ್‌ಬರ್ಗ್ ಪಟ್ಟಣದ ಕ್ಯಾಲ್ವರಿ ಎಪಿಸ್ಕೋಪಲ್ ದೇವಾಲಯದ ಆರಾಧನೆಯನ್ನು ಕೆಡಿಕೆಎ ಎಂಬ ರೇಡಿಯೋ ನಿಲಯವು ಪ್ರಸಾರ ಮಾಡಿತು. ಸಭೆಯವರ ಗಮನ ಕೆಡದಿರಲೆಂದು ಯಂತ್ರ ನೋಡಿಕೊಳ್ಳುವವರಿಗೂ ಗಾಯನ ಮಂಡಲಿಯ ನಿಲುವಂಗಿ ತೊಡಿಸಿದ್ದರಂತೆ. ನಮ್ಮ ಹುಡುಗಿಯರು ಕಂಬದ ಮರೆಯಲ್ಲಿ ಕೂತುಕೊಳ್ಳುವದೂ ಇದೇ ಕಾರಣಕ್ಕಾಗಿ. ನಮ್ಮ ದೇಶದಲ್ಲಿಯಾದರೋ ಹೆಚ್ಚಿನ ಸಭೆಗಳು ಈ ಕೆಲಸಕ್ಕೆ ಕೈ ಹಾಕಿದ್ದು ೨೦೨೦ನೇ ಇಸವಿಯಲ್ಲಿ. ಮಾರ್ಚ್ ೨೫ರಿಂದ ದೇಶವೆಲ್ಲ ಬಾಗಿಲು ಹಾಕಿತು. ಏಪ್ರಿಲ್ ೧೦ರ ಶುಭ ಶುಕ್ರವಾರವೂ ೧೨ರ ಪುನರುತ್ಥಾನದ ಹಬ್ಬವೂ ಬರಿದಾದ ಬೆಂಚುಗಳ ಮುಂದೆ ನಡೆದವು. ಆಗ ಒಂದು ಮೊಬೈಲನ್ನು ಮೂರುಕಾಲಿನ ಮೇಲೆ ಕಟ್ಟಿ ಪ್ರಸಾರ ಮಾಡಿದವರು ಎಷ್ಟೋ ಮಂದಿ. ಅದು ಹೇಗೋ ನಡೆಯಿತು. ನಡೆದದ್ದು ಏಕೆಂಬದನ್ನು ನಾವು ಆಗ ವಿಚಾರಿಸಲಿಲ್ಲ: ದೇವಾಲಯದಲ್ಲಿ ಜನರೇ ಇರಲಿಲ್ಲವಷ್ಟೆ.

ಇಲ್ಲಿ ಸ್ವಲ್ಪ ಪಾಠ ಹೇಳಬೇಕಾಗಿದೆ. ಚಿತ್ರವೂ ಶಬ್ದವೂ ಕ್ಯಾಮರಾದಿಂದ ಹೊರಟು ಕಂಪ್ಯೂಟರಿಗೆ ಹೋಗುವಾಗ ಅಖಂಡವಾಗಿ ಹೋಗುವದಿಲ್ಲ. ಅವುಗಳನ್ನು ಸಾವಿರಾರು ಸಣ್ಣ ತುಣುಕುಗಳನ್ನಾಗಿ ಮಾಡಿ, ಒಂದೊಂದರ ಮೇಲೆಯೂ ಎಲ್ಲಿಂದ ಎಲ್ಲಿಗೆ ಎಂಬ ವಿಳಾಸವನ್ನು ಬರೆದು, ಅಂಚೆಯ ಲಕೋಟೆಗಳಂತೆ ಕಳುಹಿಸಲಾಗುವದು. ಸಾಮಾನ್ಯ ಕೆಲಸದಲ್ಲಿ ಒಂದು ಲಕೋಟೆ ದಾರಿಯಲ್ಲಿ ಕಳೆದುಹೋದರೆ ಮತ್ತೊಮ್ಮೆ ಕಳುಹಿಸಬಹುದು. ಎರಡು ಸೆಕೆಂಡು ತಡವಾದರೂ ಓದುವವರಿಗೆ ತಿಳಿಯದು. ನೇರ ಪ್ರಸಾರದಲ್ಲಿ ಹಾಗಲ್ಲ. ಕೀರ್ತನೆಯ ಎರಡನೆಯ ಚರಣದ ಲಕೋಟೆಯು ಮೂರನೆಯ ಚರಣವನ್ನು ಹಾಡುತ್ತಿರುವಾಗ ಕ್ಯಾಮರಾದಿಂದ ಕಂಪ್ಯೂಟರಿಗೆ ಬಂದು ಮುಟ್ಟಿದರೆ ಅದು ಯಾವ ಕೆಲಸಕ್ಕೂ ಬಾರದು. ಆದಕಾರಣ ಇಲ್ಲಿ ದಾರಿಯು ಅಗಲವಾಗಿದ್ದರೆ ಸಾಲದು. ಯಾವ ಕ್ಷಣದಲ್ಲಿಯೂ ತಡೆಯಿಲ್ಲದೆ ತೆರೆದಿರಬೇಕು.

ನಮ್ಮ ಹಳೆಯ ಏರ್ಪಾಡು ಹೇಗಿತ್ತಂದರೆ, ಇಂಟರ್ನೆಟ್ಟು ಒದಗಿಸುವವರು ಕೊಟ್ಟ ಒಂದೇ ರೌಟರು ವೆಸ್ಟ್ರಿಯ ಕಪಾಟಿನ ಮೇಲಿತ್ತು. ಎರಡು ಕ್ಯಾಮರಾಗಳು, ಗ್ಯಾಲರಿಯ ಮೇಲಿನ ಕಂಪ್ಯೂಟರು, ಕೀರ್ತನೆಯ ಸಾಲುಗಳನ್ನು ಪರದೆಯ ಮೇಲೆ ತೋರಿಸುವ ಮತ್ತೊಂದು ಕಂಪ್ಯೂಟರು, ಧ್ವನಿಯ ಮಿಕ್ಸರನ್ನು ತಿದ್ದುವ ಟ್ಯಾಬ್ಲೆಟ್ಟು, ಸಭಾಪಾಲಕರ ಕಚೇರಿಯ ಪ್ರಿಂಟರು, ಇವೆಲ್ಲವೂ ಅದರ ವೈಫೈಗೆ ಜೋತುಬಿದ್ದಿದ್ದವು. ಇದಲ್ಲದೆ ವೈಫೈಯ ಗುಪ್ತಪದವನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಸೂಚನಾ ಫಲಕಕ್ಕೆ ಅಂಟಿಸಿದ್ದರು. ಅತಿಥಿಸತ್ಕಾರಕ್ಕಾಗಿ ಮಾಡಿದ ಕೆಲಸ. ಮಾಡಿದವರ ಮನಸ್ಸು ಒಳ್ಳೆಯದೇ.

ಶನಿವಾರ ಪರೀಕ್ಷಿಸಿದಾಗ ಎಲ್ಲವೂ ಸರಿಯಾಗಿತ್ತು. ಇದೇ ನಮ್ಮನ್ನು ಬಹಳ ದಿನ ದಿಕ್ಕು ತಪ್ಪಿಸಿತು. ಒಂಬತ್ತನೆಯ ತರಗತಿಯ ನಾಲ್ವರು ಹುಡುಗಿಯರು ಗಣಿತದ ಅಧ್ಯಾಪಕಿಯವರೊಡನೆ ಸೇರಿ ಇದನ್ನು ಶೋಧಿಸುವದಕ್ಕೆ ಹೊರಟರು. ಒಂದು ಕಂಪ್ಯೂಟರಿನಿಂದ ರೌಟರಿಗೆ ಸೆಕೆಂಡಿಗೊಮ್ಮೆ ಒಂದು ಸಣ್ಣ ಕರೆಯನ್ನು ಕಳುಹಿಸಿ, ಉತ್ತರ ಎಷ್ಟು ಹೊತ್ತಿಗೆ ಬಂತೆಂದು ಬರೆದಿಡುವ ಕ್ರಮವೊಂದುಂಟು. ಅದಕ್ಕೆ ಪಿಂಗ್ ಎನ್ನುತ್ತಾರೆ. ಇದಕ್ಕೆ ದುಡ್ಡಿಲ್ಲ, ವಿಶೇಷ ಯಂತ್ರವೂ ಬೇಡ. ಮೂರು ಆದಿತ್ಯವಾರಗಳಲ್ಲಿಯೂ, ಬಳಿಕ ಸಂಡೇ ಸ್ಕೂಲಿನ ಹಬ್ಬದ ದಿನದಲ್ಲಿಯೂ ಅವರು ಈ ಅಂಕಿಗಳನ್ನು ಗ್ರಾಫಿನ ಕಾಗದದ ಮೇಲೆ ಗುರುತಿಸಿದರು. ಬರಿದಾದ ದೇವಾಲಯದಲ್ಲಿ ಉತ್ತರವು ಮೂರು ನಾಲ್ಕು ಮಿಲಿಸೆಕೆಂಡುಗಳಲ್ಲಿ ಬರುತ್ತಿತ್ತು. ಜನ ಕೂಡಿದ ಮೇಲೆ ನಲವತ್ತು, ಅರವತ್ತು ಆಯಿತು. ಹಬ್ಬದ ದಿನ ಚಿಕ್ಕ ಮಕ್ಕಳ ಹಾಡು ಮುಗಿದು ಎರಡು ನಿಮಿಷವಾಗುವಷ್ಟರಲ್ಲಿ ರೇಖೆಯು ಕಾಗದವನ್ನು ಮೀರಿ ಹೋಯಿತು. ಕೆಲವು ಕರೆಗಳಿಗೆ ಉತ್ತರವೇ ಬರಲಿಲ್ಲ.

ಮಕ್ಕಳ ಹಾಡಿಗೂ ಜಾಲಕ್ಕೂ ಏನು ಸಂಬಂಧವೆಂದು ನಾವು ಆಶ್ಚರ್ಯಪಟ್ಟೆವು. ಕಾರಣವನ್ನು ಹೇಳಿದವಳು ಆ ನಾಲ್ವರಲ್ಲಿ ಅತಿ ಮೌನಿಯಾದ ಹುಡುಗಿ. "ಅಮ್ಮನ ಫೋನು ಮನೆಗೆ ಬಂದು ವೈಫೈ ಸಿಕ್ಕಿದ ಕೂಡಲೇ ತಾನೇ ಫೋಟೋಗಳನ್ನು ಮೇಲಕ್ಕೆ ಕಳುಹಿಸುತ್ತದೆ, ಮೇಡಂ" ಎಂದಳು. ಮಗುವು ಹಾಡುವಾಗ ಪ್ರತಿಯೊಬ್ಬ ತಾಯಿಯೂ ತಂದೆಯೂ ಮೊಬೈಲನ್ನೆತ್ತಿ ಚಿತ್ರ ತೆಗೆಯುತ್ತಾರೆ. ಹಾಡು ಮುಗಿದೊಡನೆ ಆ ಮೊಬೈಲುಗಳು ಯಾರ ಅಪ್ಪಣೆಯನ್ನೂ ಕೇಳದೆ ಆ ಚಿತ್ರಗಳನ್ನು ದೂರದ ಉಗ್ರಾಣಕ್ಕೆ ಸಾಗಿಸತೊಡಗುತ್ತವೆ. ಲೆಕ್ಕ ಹಾಕಿ ನೋಡಿದೆವು. ಒಂದು ನಿಮಿಷದ ಚಲಚ್ಚಿತ್ರವು ಸುಮಾರು ೧೦೦ ಮೆಗಾಬೈಟು, ಅಂದರೆ ೮೦೦ ಮೆಗಾಬಿಟ್ಟು. ಐವತ್ತು ಮೊಬೈಲುಗಳಾದರೆ ೪೦,೦೦೦ ಮೆಗಾಬಿಟ್ಟು. ನಮ್ಮ ದೇವಾಲಯದಿಂದ ಹೊರಗೆ ಹೋಗುವ ದಾರಿಯು ಸೆಕೆಂಡಿಗೆ ೨೦ ಮೆಗಾಬಿಟ್ಟನ್ನು ಮಾತ್ರ ಸಾಗಿಸಬಲ್ಲದು. ಭಾಗಿಸಿದರೆ ೨,೦೦೦ ಸೆಕೆಂಡು, ಅರ್ಧ ಗಂಟೆಗೂ ಮೇಲೆ. ಕಳೆದ ವರುಷ ಚಿತ್ರವು ನಿಂತದ್ದೂ ಹೆಚ್ಚು ಕಡಿಮೆ ಅಷ್ಟೇ ಹೊತ್ತು. ಹೆತ್ತವರನ್ನು ನಾವು ದೂರುವದಿಲ್ಲ. ಆದರೆ ಅವರ ಪ್ರೀತಿಯೂ ಸಭೆಯ ಆರಾಧನೆಯೂ ಒಂದೇ ಓಣಿಯಲ್ಲಿ ನುಗ್ಗಬೇಕಾಗಿ ಬಂದದ್ದು ನಮ್ಮ ತಪ್ಪು.

ಇದರ ಜೊತೆಗೆ ವೈಫೈಯ ಸ್ವಭಾವವನ್ನೂ ತಿಳಿಯಬೇಕು. ಒಂದು ಚಾನಲಿನಲ್ಲಿ ಒಂದು ಹೊತ್ತಿಗೆ ಒಬ್ಬರು ಮಾತ್ರ ಮಾತಾಡಬಹುದು. ಮಿಕ್ಕವರು ತಮ್ಮ ಸರದಿಗೆ ಕಾದಿರಬೇಕು. ೨.೪ ಗಿಗಾಹರ್ಟ್ಸ್ ಎಂಬ ಹಳೆಯ ಪಟ್ಟಿಯಲ್ಲಿ ಒಂದಕ್ಕೊಂದು ತಗಲದ ಚಾನಲುಗಳು ೧, ೬, ೧೧ ಎಂಬ ಮೂರೇ. ನಾನೂರು ಮೊಬೈಲುಗಳಿರುವ ಸಭೆಯಲ್ಲಿ ಇದರ ಗತಿಯೇನಾಗುವದೆಂದು ಅರವತ್ತು ಮಕ್ಕಳ ತರಗತಿಯನ್ನು ಆಳಿದವರು ಊಹಿಸಬಲ್ಲರು. ಅಲ್ಲದೆ ಮನುಷ್ಯನ ದೇಹದಲ್ಲಿ ನೀರು ಹೆಚ್ಚಾಗಿರುವದರಿಂದ ಅದು ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ಶನಿವಾರದ ಪರೀಕ್ಷೆಯು ಆದಿತ್ಯವಾರ ಸುಳ್ಳಾಗುವದು ಇದರಿಂದಲೂ ಹೌದು.

ಹೀಗಿರಲಾಗಿ ನಮ್ಮ ಮೊದಲನೆಯ ತೀರ್ಮಾನವೇನಂದರೆ, ಪ್ರಸಾರಕ್ಕೆ ಸಂಬಂಧಪಟ್ಟ ಯಾವದೂ ಗಾಳಿಯನ್ನು ನಂಬಬಾರದು, ತಂತಿಯಿಂದಲೇ ಕೂಡಿರಬೇಕು. ಕ್ಯಾಟ್ ೬ ಎಂಬ ಕೇಬಲನ್ನು ಕೊಂಡೆವು. ಕೊಳ್ಳುವವರಿಗೆ ಒಂದು ಎಚ್ಚರಿಕೆ: ಅಲ್ಯುಮಿನಿಯಂ ತಂತಿಗೆ ತಾಮ್ರದ ಲೇಪ ಮಾಡಿದ ಅಗ್ಗದ ಕೇಬಲುಗಳು ಪೇಟೆಯಲ್ಲಿ ಬಹಳ ಇವೆ. ತುದಿಯನ್ನು ಚಾಕುವಿನಿಂದ ಕೆರೆದು ನೋಡಿದರೆ ಒಳಗಿನ ಬಿಳುಪು ಕಾಣುವದು. ಅದನ್ನು ತೆಗೆದುಕೊಳ್ಳಬಾರದು, ಕೇಬಲಿನ ಮೂಲಕವೇ ಕ್ಯಾಮರಾಕ್ಕೆ ವಿದ್ಯುತ್ತು ಕೊಡುವಲ್ಲಿ ಅಂಥದು ಬಿಸಿಯಾಗುವದೂ ಉಂಟು. ಒಂದು ತುಂಡು ೧೦೦ ಮೀಟರನ್ನು ಮೀರಬಾರದು. ವಿದ್ಯುತ್ತಿನ ತಂತಿಗಳ ಜೊತೆಯಲ್ಲಿ ಒಂದೇ ಕೊಳವೆಯೊಳಗೆ ಎಳೆಯಬಾರದು.

ಕೇಬಲಿನ ತುದಿಗೆ ಪ್ಲಗ್ಗು ಕಚ್ಚಿಸುವ ಕೆಲಸವನ್ನು ಹುಡುಗಿಯರೇ ಕಲಿತರು. ಒಳಗಿರುವ ಎಂಟು ಎಳೆಗಳನ್ನು ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸುರು, ನೀಲಿ, ಬಿಳಿನೀಲಿ, ಹಸುರು, ಬಿಳಿಕಂದು, ಕಂದು ಎಂಬ ಕ್ರಮದಲ್ಲಿ ಜೋಡಿಸಬೇಕು. ಇದನ್ನು ಅವರು ಮಗ್ಗಿಯಂತೆ ಹೇಳಿಕೊಳ್ಳುತ್ತಾ ವೆರಾಂಡದಲ್ಲಿ ಕೂತು ಇಪ್ಪತ್ತೆರಡು ಕೇಬಲುಗಳನ್ನು ಸಿದ್ಧಮಾಡಿದರು. ಐದು ಕೆಟ್ಟವು. ಕೆಟ್ಟವುಗಳನ್ನು ಸಣ್ಣ ಪರೀಕ್ಷಾ ಯಂತ್ರದಿಂದ ಅಂದೇ ಕಂಡುಹಿಡಿದು ಕತ್ತರಿಸಿದರು.

ಶಾಲೆಗೂ ದೇವಾಲಯಕ್ಕೂ ನಡುವಣ ಸಂಬಂಧಕ್ಕೆ ಮಾತ್ರ ತಾಮ್ರವನ್ನು ಬಿಟ್ಟು ಗಾಜಿನ ಎಳೆಯ ಕೇಬಲನ್ನು ಹಾಕಿಸಿದೆವು. ನಮ್ಮ ಕರಾವಳಿಯ ಗುಡುಗು ಸಿಡಿಲು ಎಂಥದೆಂದು ನಿಮಗೆ ಗೊತ್ತೇ ಇದೆ. ಎರಡು ಕಟ್ಟಡಗಳ ನಡುವೆ ತಾಮ್ರವಿದ್ದರೆ ಒಂದಕ್ಕೆ ತಗಲಿದ ಸಿಡಿಲಿನ ಪೆಟ್ಟು ಇನ್ನೊಂದರ ಯಂತ್ರಗಳನ್ನೂ ಸುಡಬಹುದು. ಗಾಜು ವಿದ್ಯುತ್ತನ್ನು ಸಾಗಿಸುವದಿಲ್ಲ. ಇಲಿ ಅಳಿಲುಗಳು ಕಡಿಯದಂತೆ ಅದಕ್ಕೆ ಕೊಳವೆಯ ಕಾವಲು ಬೇಕು.

ಕೇಬಲುಗಳೆಲ್ಲ ಬಂದು ಸೇರುವ ಪೆಟ್ಟಿಗೆಗೆ ಸ್ವಿಚ್ಚು ಎಂದು ಹೆಸರು. ಇದು ಸೆಕೆಂಡಿಗೆ ೧,೦೦೦ ಮೆಗಾಬಿಟ್ಟಿನದ್ದಾಗಿರತಕ್ಕದ್ದು. ಯಾಕಂದರೆ ಎನ್‌ಡಿಐ ಎಂಬ ರೀತಿಯಲ್ಲಿ ಪೂರ್ಣ ಗುಣದ ಚಿತ್ರವನ್ನು ಕಳುಹಿಸುವ ಒಂದು ಕ್ಯಾಮರಾಕ್ಕೆ ಸುಮಾರು ೧೨೫ ಮೆಗಾಬಿಟ್ಟು ಬೇಕು. ೧೦೦ರ ಹಳೆಯ ಸ್ವಿಚ್ಚು ಒಂದನ್ನೂ ತಾಳದು. ೧,೦೦೦ದ್ದು ಮೂರನ್ನು ಹೊತ್ತು ಇನ್ನೂ ಸ್ಥಳ ಉಳಿಸುವದು. ಹೆಚ್ಚು ಅಡಕಮಾಡಿ ಕಳುಹಿಸುವ ಕ್ಯಾಮರಾಗಳಿಗೆ ಇಷ್ಟು ಬೇಡ. ಇದಲ್ಲದೆ ಈ ಸ್ವಿಚ್ಚು ನಮ್ಮ ಆಜ್ಞೆಗಳನ್ನು ಕೇಳುವಂಥದ್ದಾಗಿರಬೇಕು. ಆಗ ಒಂದೇ ಪೆಟ್ಟಿಗೆಯೊಳಗೆ, ಒಂದೇ ಕಟ್ಟಡದೊಳಗಿನ ಬೇರೆ ಬೇರೆ ತರಗತಿಗಳಂತೆ, ಪ್ರತ್ಯೇಕ ಜಾಲಗಳನ್ನು ಮಾಡಬಹುದು. ಇವುಗಳನ್ನು ವಿಲ್ಯಾನ್ ಎನ್ನುತ್ತಾರೆ. ಪ್ರಸಾರದ ಯಂತ್ರಗಳಿಗೆ ಒಂದು, ಕಚೇರಿಗೆ ಒಂದು, ಸಭೆಗೆ ಬಂದವರ ಮೊಬೈಲುಗಳಿಗೆ ಒಂದು ಎಂದು ನಾವು ವಿಂಗಡಿಸಿದೆವು.

ಮೂರನೆಯದನ್ನು ಪೂರಾ ತೆಗೆದುಹಾಕಬೇಕೆಂದು ಸಮಿತಿಯಲ್ಲಿ ಕೆಲವರು ವಾದಿಸಿದರು. ನಾವು ಒಪ್ಪಲಿಲ್ಲ. ಕಣ್ಣು ಮಂದವಾದ ಹಿರಿಯರು ಸತ್ಯವೇದವನ್ನು ಮೊಬೈಲಿನಲ್ಲಿ ಅಕ್ಷರ ದೊಡ್ಡದು ಮಾಡಿ ಓದುತ್ತಾರೆ. ಪರಸ್ಥಳದಿಂದ ಬಂದವರಿಗೂ ಅದು ಬೇಕಾಗುವದು. ಅತಿಥಿಗಳಿಗೆ ಅವರದೇ ಕೋಣೆಯನ್ನು ಕೊಟ್ಟು, ಹೊರಗೆ ಹೋಗುವ ೨೦ ಮೆಗಾಬಿಟ್ಟಿನಲ್ಲಿ ೪ಕ್ಕಿಂತ ಹೆಚ್ಚು ಅವರಿಗೆ ಹೋಗದಂತೆ ರೌಟರಿನಲ್ಲಿ ಕಟ್ಟುಮಾಡಿದೆವು. ಪ್ರಸಾರಕ್ಕೆ ನಾವು ೬ನ್ನು ಉಪಯೋಗಿಸುತ್ತೇವೆ. ಬೇಕಾದದ್ದಕ್ಕೆ ಎರಡರಷ್ಟು ದಾರಿ ಯಾವಾಗಲೂ ತೆರವಾಗಿರಬೇಕೆಂಬದು ನಾವು ಕಂಡುಕೊಂಡ ಅಳತೆ. ಇಂಟರ್ನೆಟ್ಟಿನವರು ಜಾಹೀರಾತಿನಲ್ಲಿ ಹೇಳುವ ದೊಡ್ಡ ಅಂಕಿಯು ಅನೇಕ ವೇಳೆ ಒಳಗೆ ಬರುವ ವೇಗವನ್ನು ಕುರಿತದ್ದು. ಪ್ರಸಾರ ಮಾಡುವವರು ಹೊರಗೆ ಹೋಗುವ ವೇಗವನ್ನೇ ಕೇಳಬೇಕು.

ವಿಳಾಸಗಳ ವಿಷಯ. ರೌಟರು ಪ್ರತಿಯೊಂದು ಯಂತ್ರಕ್ಕೂ ತಾನಾಗಿಯೇ ವಿಳಾಸ ಹಂಚುವದು ಸಾಮಾನ್ಯ ಪದ್ಧತಿ. ಒಮ್ಮೆ ವಿದ್ಯುತ್ತು ಹೋಗಿ ಬಂದ ಮೇಲೆ ಮಿಕ್ಸರಿಗೆ ನಿನ್ನೆಯ ವಿಳಾಸ ಸಿಗದೆ ಬೇರೆಯದು ಸಿಕ್ಕಿತು. ಟ್ಯಾಬ್ಲೆಟ್ಟು ಹಳೆಯ ಮನೆಯ ಬಾಗಿಲನ್ನೇ ತಟ್ಟುತ್ತಿತ್ತು, ಪ್ರಸಂಗಿಗಳ ಧ್ವನಿಯು ಏಳಲಿಲ್ಲ. ಈಗ ಪ್ರಸಾರದ ಪ್ರತಿಯೊಂದು ಯಂತ್ರಕ್ಕೂ ಶಾಶ್ವತ ವಿಳಾಸವಿದೆ. ೧೯೨.೧೬೮.೧೦.೧೧ ಎಂದರೆ ಬಲಗಡೆಯ ಕ್ಯಾಮರಾ, ೧೨ ಎಡಗಡೆಯದು, ೨೧ ಮಿಕ್ಸರು. ಕ್ಯಾಮರಾಗಳು ಕಾರ್ಖಾನೆಯಿಂದ ಬರುವಾಗ ಹೊತ್ತು ತರುವ ಗುಪ್ತಪದವನ್ನು ಮೊದಲನೆಯ ದಿನವೇ ಬದಲಾಯಿಸಿದೆವು. ಹೆಣ್ಣುಮಕ್ಕಳ ಶಾಲೆಯವರಾದ ನಾವು ಇದರಲ್ಲಿ ಉದಾಸೀನ ಮಾಡುವಂತಿಲ್ಲ.

ಮನುಷ್ಯರಿಂದ ಬಂದ ತೊಂದರೆಗಳೂ ಇದ್ದವು. ನಮ್ಮ ಹಳೆಯ ಸ್ವಿಚ್ಚಿನಿಂದ ಒಂದು ಕೇಬಲಿನ ತುದಿ ಜೋತಾಡುತ್ತಿರುವದನ್ನು ಕಂಡು ದೇವಾಲಯದ ಸೇವಕರು, ಕಳಚಿಬಿದ್ದಿದೆಯೆಂದು ತಿಳಿದು, ಅದನ್ನು ಅದೇ ಪೆಟ್ಟಿಗೆಯ ಬರಿದಾದ ತೂತಿಗೆ ಸೇರಿಸಿದರು. ಕೇಬಲಿನ ಎರಡು ತುದಿಗಳೂ ಒಂದೇ ಪೆಟ್ಟಿಗೆಯಲ್ಲಿ ಸೇರಿದಾಗ ಲಕೋಟೆಗಳು ಗಾಣದೆತ್ತಿನಂತೆ ಸುತ್ತುತ್ತಾ ಹೆಚ್ಚುತ್ತಾ ಹೋಗಿ ಜಾಲವೆಲ್ಲ ಉಸಿರುಗಟ್ಟುವದು. ಹೊಸ ಸ್ವಿಚ್ಚಿನಲ್ಲಿ ಇದನ್ನು ಗುರುತಿಸಿ ಆ ತೂತನ್ನು ಮುಚ್ಚುವ ಏರ್ಪಾಡು ಇದೆ. ಅದನ್ನು ಚಾಲೂ ಮಾಡಿಡಬೇಕು. ಇನ್ನೊಂದು, ವಾರವೆಲ್ಲ ಮಲಗಿರುವ ಕಂಪ್ಯೂಟರನ್ನು ಆದಿತ್ಯವಾರ ಬೆಳಿಗ್ಗೆ ಎಬ್ಬಿಸಿದೊಡನೆ ಅದು ಏಳು ದಿನಗಳ ಬಾಕಿ ಅಪ್‌ಡೇಟುಗಳನ್ನು ಇಳಿಸಿಕೊಳ್ಳತೊಡಗುವದು. ಈಗ ಹುಡುಗಿಯರು ಅದನ್ನು ಮಂಗಳವಾರ ಸಾಯಂಕಾಲ ಎಬ್ಬಿಸಿ ಅದರ ಹಸಿವು ತೀರಿಸುತ್ತಾರೆ. ಬುಧವಾರದಿಂದ ಆದಿತ್ಯವಾರದ ವರೆಗೆ ಯಾರೂ ಯಾವ ಬದಲಾವಣೆಯನ್ನೂ ಮಾಡಕೂಡದು.

ವಿದ್ಯುತ್ತು ಹೋದಾಗ ನಡೆಯಲೆಂದು ಕಂಪ್ಯೂಟರಿಗೆ ನಾವು ಬ್ಯಾಟರಿಯ ಯುಪಿಎಸ್ ಇಟ್ಟಿದ್ದೆವು. ಆದರೆ ಗೋಡೆಯ ಮೇಲಿನ ಇಂಟರ್ನೆಟ್ಟಿನ ಸಣ್ಣ ಪೆಟ್ಟಿಗೆಯನ್ನು ಮರೆತಿದ್ದೆವು. ಎರಡು ಸೆಕೆಂಡು ದೀಪ ಆರಿದರೆ ಆ ಪೆಟ್ಟಿಗೆ ಪುನಃ ಎಚ್ಚರಗೊಳ್ಳುವದಕ್ಕೆ ನಾಲ್ಕು ನಿಮಿಷ ತೆಗೆದುಕೊಳ್ಳುತ್ತಿತ್ತು. ಈಗ ಆ ಪೆಟ್ಟಿಗೆ, ರೌಟರು, ಸ್ವಿಚ್ಚು ಎಲ್ಲವೂ ಬ್ಯಾಟರಿಯ ಮೇಲಿವೆ. ಕೇಬಲಿನ ಇಂಟರ್ನೆಟ್ಟು ಕಡಿದರೆ ಮೊಬೈಲು ಗೋಪುರದ ಮೂಲಕ ಹೋಗುವ ಎರಡನೆಯ ದಾರಿಯನ್ನೂ ಇಟ್ಟಿದ್ದೇವೆ. ದಾರಿ ಬದಲಾಗುವಾಗ ಚಿತ್ರವು ಸ್ವಲ್ಪ ಹೊತ್ತು ನಿಲ್ಲುವದು ಸಹಜ. ಅದಕ್ಕಾಗಿಯೇ ಆರಾಧನೆಯೆಲ್ಲವನ್ನೂ ದೇವಾಲಯದ ಕಂಪ್ಯೂಟರಿನಲ್ಲಿಯೂ ದಾಖಲೆ ಮಾಡುತ್ತೇವೆ. ಕಳೆದ ವರುಷ ಇಷ್ಟನ್ನಾದರೂ ಮಾಡಿದ್ದರೆ, ಆ ಹೆಸರುಗಳನ್ನು ಟೀಚರಮ್ಮನವರಿಗೆ ಅಂದು ಸಾಯಂಕಾಲವೇ ಕೇಳಿಸಬಹುದಾಗಿತ್ತು. ಇದು ನಮ್ಮನ್ನು ಈಗಲೂ ನೋಯಿಸುತ್ತದೆ.

ಇದೆಲ್ಲವನ್ನೂ ಒಂದು ಉದ್ದನೆಯ ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದೇವೆ. ಹಳೆಯ ಏರ್ಪಾಡನ್ನು ಮಾಡಿಟ್ಟ ಯುವಕನು ಬೇರೆ ಊರಿಗೆ ಉದ್ಯೋಗಕ್ಕೆ ಹೋದಾಗ ರೌಟರಿನ ಗುಪ್ತಪದವೂ ಅವನ ಸಂಗಡವೇ ಹೋಯಿತು. ಈಗ ಯಾವ ಕೇಬಲು ಎಲ್ಲಿಂದ ಎಲ್ಲಿಗೆ ಎಂಬ ನಕ್ಷೆಯು ಕಪಾಟಿನ ಬಾಗಿಲಿನ ಒಳಮೈಗೆ ಅಂಟಿದೆ. ಪ್ರತಿಯೊಂದು ಕೇಬಲಿನ ಎರಡು ತುದಿಗಳಲ್ಲಿಯೂ ಒಂದೇ ಸಂಖ್ಯೆಯ ಚೀಟಿಯಿದೆ. ಗುಪ್ತಪದಗಳು ಮೊಹರು ಮಾಡಿದ ಲಕೋಟೆಯಲ್ಲಿ ಸಭಾಪಾಲಕರ ಬಳಿಯಲ್ಲಿವೆ. ಹತ್ತನೆಯ ತರಗತಿಯವರು ಶಾಲೆ ಬಿಡುವ ಮುಂಚೆ ಒಂಬತ್ತನೆಯವರಿಗೆ ನೋಟುಪುಸ್ತಕವನ್ನು ಒಪ್ಪಿಸಬೇಕು. ಒಪ್ಪಿಸುವ ದಿನ ಅಧ್ಯಾಪಕಿಯವರು ಗುಟ್ಟಾಗಿ ಒಂದು ಕೇಬಲನ್ನು ಕಿತ್ತಿಡುತ್ತಾರೆ; ಹೊಸಬರು ನಕ್ಷೆಯ ಸಹಾಯದಿಂದ ಹತ್ತು ನಿಮಿಷದೊಳಗೆ ಅದನ್ನು ಕಂಡುಹಿಡಿಯಬೇಕು.

ಈ ವರುಷದ ಕೃತಜ್ಞತಾರಾಧನೆಯ ದಿನ ಬೆಳಗಿನಿಂದ ಮಳೆ. ವಿದ್ಯುತ್ತು ಎರಡಾವರ್ತಿ ಹೋಯಿತು. ಎರಡನೆಯ ಸಲ ಬೀದಿಯಲ್ಲಿ ಮರದ ಕೊಂಬೆ ಬಿದ್ದು ಇಂಟರ್ನೆಟ್ಟಿನ ಕೇಬಲೂ ಕಡಿಯಿತು. ಚಿತ್ರವು ಸುಮಾರು ನಲವತ್ತು ಸೆಕೆಂಡು ನಿಂತು, ಮೊಬೈಲಿನ ದಾರಿಯಿಂದ ಮತ್ತೆ ಹೊರಟಿತು. ಚಿಕ್ಕ ಮಕ್ಕಳು ಹಾಡಿದರು; ಹೆತ್ತವರು ಎಂದಿನಂತೆ ಮೊಬೈಲುಗಳನ್ನೆತ್ತಿದರು; ಗ್ಯಾಲರಿಯಲ್ಲಿ ಕೂತಿದ್ದ ನಾಲ್ವರು ಹುಡುಗಿಯರು ಉಸಿರು ಬಿಗಿಹಿಡಿದು ಗ್ರಾಫನ್ನೇ ನೋಡುತ್ತಿದ್ದರು. ರೇಖೆ ಏಳಲಿಲ್ಲ. ಹೆಸರುಗಳನ್ನು ಓದಲಾಯಿತು. ಹೋದ ವರುಷದವುಗಳನ್ನೂ ಸಭಾಪಾಲಕರ ಒಪ್ಪಿಗೆಯಿಂದ ಮತ್ತೊಮ್ಮೆ ಓದಿಸಿದೆವು.

ಆರಾಧನೆ ಮುಗಿದು ನಾವು ಮೆಟ್ಟಿಲಿಳಿಯುವಷ್ಟರಲ್ಲಿ ಟೀಚರಮ್ಮನವರ ಫೋನು ಬಂತು. ಹೆಸರುಗಳ ವಿಷಯ ಅವರು ಏನೂ ಹೇಳಲಿಲ್ಲ. ಗಾಯನ ಮಂಡಲಿಯಲ್ಲಿ ಆಲ್ಟೋದವರ ಧ್ವನಿಯೇ ಕೇಳುವದಿಲ್ಲ, ಮೈಕನ್ನು ಯಾರು ಅಷ್ಟು ದೂರ ಇಟ್ಟವರು, ಎಂದು ಗದರಿದರು. ಸೋಮವಾರ ಹುಡುಗಿಯರು ಮೈಕನ್ನು ಎರಡು ಮೊಳ ಹತ್ತಿರ ತಂದು, ನೋಟುಪುಸ್ತಕದಲ್ಲಿ ಅದರ ಹೊಸ ಸ್ಥಳವನ್ನು ಬರೆದುಕೊಂಡರು.